ಬಾಗಿಲಿಕ್ಕಿದ ಮನೆಯ ಹಾಡು

ಈಚೆಗೆ ಒಂದು ದಿನ ಬಿ.ಎ. ಎರಡನೆಯ ವರ್ಷದ ತರಗತಿಯಲ್ಲಿ, ಪಾಠವನ್ನು ಆರಂಭಿಸುವ ಮೊದಲು, ವಿದ್ಯಾರ್ಥಿಗಳಿಂದ ಒಂದು ಪುಟದ ಬರವಣಿಗೆಯನ್ನು ಬಯಸಿದೆ. 2020ರಲ್ಲಿ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿದ್ದಾಗ ನೀವು ಮನೆಯೊಳಗೆ ಹೊತ್ತು ಕಳೆದದ್ದು ಹೇಗೆ ಎಂಬುದೇ ವಿಷಯ. ಅಂದು ಇವರೆಲ್ಲ ಹದಿಮೂರು ಹದಿನಾಲ್ಕು ವರ್ಷದ ಮಕ್ಕಳು. ನೆನಪು ಮಾಸಿರಲಾರದು, ಸ್ವಾರಸ್ಯವಾದ ಸಂಗತಿಗಳು ದೊರೆಯಬಹುದೆಂದು ನನ್ನ ಎಣಿಕೆ. ಅರ್ಧ ಗಂಟೆಯ ಮೇಲೆ ಕೈಸೇರಿದ ಪುಟಗಳನ್ನು ಓದಿದಾಗ ಒಂದೇ ಪುಟವನ್ನು ಮತ್ತೆ ಮತ್ತೆ ಓದಿದಂತಾಯಿತು. ಮೊಬೈಲು ನೋಡಿದೆವು, ಮೊಬೈಲಿನಲ್ಲಿ ಆಡಿದೆವು, ಮೊಬೈಲಿನಲ್ಲಿ ಪಾಠ ಕೇಳಿದೆವು, ಬೇಸರವಾದಾಗ ಇನ್ನೊಮ್ಮೆ ಮೊಬೈಲು ನೋಡಿದೆವು. ಒಬ್ಬ ವಿದ್ಯಾರ್ಥಿನಿ ಮಾತ್ರ, ತನ್ನ ಆಯಿ ರಾತ್ರಿ ಒಗಟು ಹಾಕುತ್ತಿದ್ದಳೆಂದೂ, ಬಿಡಿಸಲಾಗದವರು ಮರುದಿನ ನೀರು ತುಂಬಬೇಕಾಗಿತ್ತೆಂದೂ ಬರೆದಿದ್ದಳು. ಅದು ಮೂರೇ ಸಾಲು. ಉಳಿದ ಪುಟವನ್ನು ಅವಳೂ ಮೊಬೈಲಿನಿಂದಲೇ ತುಂಬಿಸಿದ್ದಳು.

ಈ ಮಕ್ಕಳನ್ನು ಹಳಿಯುವುದಕ್ಕಾಗಿ ನಾನು ಲೇಖನಿಯನ್ನು ಕೈಗೆತ್ತಿಕೊಂಡಿಲ್ಲ. ಹೊಸ ಯಂತ್ರವನ್ನು ಹಳಿಯುವುದು ಅಧ್ಯಾಪಕ ವರ್ಗದ ಹಳೆಯ ಚಟ. ಹಿಂದೆ ಸಿನಿಮಾವನ್ನು ಹಳಿದೆವು, ಅದಕ್ಕೂ ಹಿಂದೆ ನಾಟಕ ಕಂಪನಿಗಳನ್ನು ಹಳಿದೆವು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಮನುಷ್ಯನು ಮನೆಯೊಳಗೆ ಒಂಟಿಯಾಗಿ ಕೂಡಬೇಕಾಗಿ ಬಂದಾಗ ಅವನ ಸಂಸ್ಕೃತಿಯಲ್ಲಿ ಎಷ್ಟು ಪಾಲು ಅವನೊಡನೆ ಒಳಗೆ ಬರುತ್ತದೆ, ಎಷ್ಟು ಪಾಲು ಹೊರಗೆ ಬೀದಿಯಲ್ಲಿಯೇ ಉಳಿದುಬಿಡುತ್ತದೆ? ಕಲಬುರಗಿಯವರಾದ ನಮಗೆ ಈ ಪ್ರಶ್ನೆಯನ್ನು ಕೇಳಿಕೊಳ್ಳುವ ಹಕ್ಕು ಉಳಿದವರಿಗಿಂತ ತುಸು ಹೆಚ್ಚಾಗಿಯೇ ಇದೆ. ಆ ವರ್ಷದ ಮಾರ್ಚ್ 10ರಂದು ಈ ನಗರದ ವೃದ್ಧರೊಬ್ಬರು ತೀರಿಕೊಂಡರು. ಎರಡು ದಿನಗಳ ಮೇಲೆ, ಕೊರೋನಾ ರೋಗದಿಂದ ಭಾರತದಲ್ಲಿ ಸಂಭವಿಸಿದ ಮೊದಲನೆಯ ಸಾವು ಅದೇ ಎಂದು ಪ್ರಕಟವಾಯಿತು. ಉಳಿದ ದೇಶ ಇನ್ನೂ ಬೀದಿಯಲ್ಲಿ ತಿರುಗಾಡುತ್ತಿದ್ದಾಗಲೇ ನಾವು ಕಿಟಕಿಯ ಹಿಂದೆ ನಿಂತಿದ್ದೆವು. ಬೇರೆ ಊರುಗಳಲ್ಲಿದ್ದ ನಂಟರು ಫೋನು ಮಾಡಿ ಕ್ಷೇಮ ಕೇಳಿದರು; ಆದರೆ ನಮ್ಮಲ್ಲಿಗೆ ಬನ್ನಿ ಎಂದು ಯಾರೂ ಕರೆಯಲಿಲ್ಲ.

ಆ ಸುದ್ದಿ ಬಂದ ಹೊತ್ತಾದರೂ ಎಂಥದು! ಹೋಳಿ ಹುಣ್ಣಿಮೆ ಆಗತಾನೆ ಮುಗಿದಿತ್ತು. ಹುಣ್ಣಿಮೆಯಾದ ಐದನೆಯ ದಿನಕ್ಕೆ ಶರಣಬಸವೇಶ್ವರರ ರಥೋತ್ಸವ. ಈ ಸೀಮೆಯ ಸಾಂಸ್ಕೃತಿಕ ವರ್ಷ ತುಂಬುವುದೇ ಆ ದಿನಗಳಲ್ಲಿ. ಸ್ವಲ್ಪ ಆಲೋಚಿಸಿ ನೋಡಿದರೆ, ಕಲಬುರಗಿಯ ಸಂಸ್ಕೃತಿಯೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದೆಲ್ಲ ಬಹುಮಟ್ಟಿಗೆ ಜನಜಂಗುಳಿಯ ಸಂಸ್ಕೃತಿ. ಶರಣಬಸವೇಶ್ವರರ ತೇರು, ಬಂದೇ ನವಾಜರ ಉರುಸು, ಶ್ರಾವಣದ ಪುರಾಣ, ಮೊಹರಮ್ಮಿನ ಹೆಜ್ಜೆಯ ಕುಣಿತ, ರಾತ್ರಿಯಿಡೀ ನಡೆಯುವ ಭಜನೆ, ಜಾತ್ರೆಯ ಬಯಲಿನಲ್ಲಿ ಡೇರೆ ಹಾಕುವ ನಾಟಕ ಕಂಪನಿ—ಇವುಗಳಲ್ಲಿ ಒಂದಕ್ಕಾದರೂ ಹೆಗಲಿಗೆ ಹೆಗಲು ತಾಗದೆ ನಡೆಯುವುದಿಲ್ಲ. ಹೆಗಲು ತಾಗುವುದೇ ಅಪರಾಧವಾದ ದಿನ ಇವೆಲ್ಲವೂ ಒಮ್ಮೆಗೇ ನಿಂತುಹೋದುವು. ಹಳೆಯ ಪ್ಲೇಗಿನ ಕಾಲದಲ್ಲಿ ನಮ್ಮ ಹಿರಿಯರು ಮನೆಯನ್ನು ಬಿಟ್ಟು ಹೊಲಗಳಲ್ಲಿ ಗುಡಿಸಲು ಕಟ್ಟಿಕೊಂಡು ಇದ್ದರು. ಅಲ್ಲಿ ರೋಗವಿದ್ದದ್ದು ಮನೆಯೊಳಗೆ, ಅಭಯವಿದ್ದದ್ದು ಬಯಲಿನಲ್ಲಿ. ನಮ್ಮ ಪಾಲಿಗೆ ಬಂದದ್ದು ಅದರ ತಿರುವುಮುರುವು. ಬಯಲನ್ನು ನಂಬಿದ ಜನಕ್ಕೆ ಬಯಲೇ ನಿಷಿದ್ಧವಾಯಿತು.

ಮಾರ್ಚ್ 24ರ ರಾತ್ರಿ ಇಪ್ಪತ್ತೊಂದು ದಿನಗಳ ದಿಗ್ಬಂಧನದ ಘೋಷಣೆಯಾಯಿತು. ಮರುದಿನವೇ ಯುಗಾದಿ. ಬೇವು ಬೆಲ್ಲಗಳಲ್ಲಿ ಬೇವು ಮಾತ್ರ ದೊರೆಯಿತೆಂದು ನೆರೆಮನೆಯವರು ಕಾಂಪೌಂಡಿನ ಆಚೆಯಿಂದ ಹೇಳಿ ನಕ್ಕದ್ದು ಈಗಲೂ ನೆನಪಿದೆ. ನಮ್ಮ ಮನೆಯಲ್ಲಿದ್ದವರು ಮೂವರು: ನಾನು, ನನ್ನ ಮನೆಯವರು, ಹತ್ತು ವರ್ಷದ ಮಗಳು. ತಾಯಿಯವರು ತಮ್ಮನ ಸಂಸಾರದೊಡನೆ ಕಮಲಾಪುರದಲ್ಲಿ. ಹುಮನಾಬಾದಿನ ದಾರಿಯಲ್ಲಿ ಬಸ್ಸಿನಲ್ಲಿ ಒಂದು ಗಂಟೆ ಕುಳಿತರೆ ಕಮಲಾಪುರ. ಕೆಂಪು ಬಾಳೆಹಣ್ಣಿಗೆ ಹೆಸರಾದ ಊರು, ಈಚೆಗೆ ತಾಲ್ಲೂಕು ಕೇಂದ್ರವಾಗಿದೆ. ಆ ಒಂದು ಗಂಟೆಯ ದಾರಿ ಅಂದು ಕಾಶಿಯಷ್ಟು ದೂರವಾಯಿತು.

ಮೊದಲ ವಾರದ ನಮ್ಮ ಮನೋರಂಜನೆಯನ್ನು ಕುರಿತು ಹೇಳಿಕೊಳ್ಳುವಂಥದು ಏನೂ ಇಲ್ಲ. ಬೆಳಗಿನಿಂದ ರಾತ್ರಿಯ ತನಕ ರೋಗಿಗಳ ಸಂಖ್ಯೆಯನ್ನು ನೋಡುವುದೇ ಒಂದು ವ್ಯಸನವಾಯಿತು. ಮಾರ್ಚ್ 28ರಿಂದ ದೂರದರ್ಶನದವರು 1987ರ ರಾಮಾಯಣವನ್ನು ಮರುಪ್ರಸಾರ ಮಾಡತೊಡಗಿದರು. ಬೆಳಿಗ್ಗೆ ಒಂಬತ್ತಕ್ಕೊಮ್ಮೆ, ರಾತ್ರಿ ಒಂಬತ್ತಕ್ಕೊಮ್ಮೆ. ಆ ಒಂದು ಗಂಟೆ ಮೂವರೂ ಒಂದೆಡೆ ಕೂಡುತ್ತಿದ್ದೆವೆಂಬುದನ್ನು ನಾನು ಮರೆಯಲಾರೆ. ಆದರೆ ಅದು ಮುಗಿದೊಡನೆ ಮೂವರೂ ಮೂರು ಮೂಲೆ, ಮೂರು ಮೊಬೈಲು. ಊರಿನಿಂದ ಬೇರ್ಪಟ್ಟು ಮನೆಯೊಳಗೆ ಬಂದವರು ಮನೆಯೊಳಗೂ ಒಬ್ಬರಿಂದೊಬ್ಬರು ಬೇರ್ಪಟ್ಟೆವು. ಈ ಎರಡನೆಯ ಏಕಾಂತವನ್ನು ಯಾವ ಸರಕಾರವೂ ಘೋಷಿಸಿರಲಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿಯನ್ನು ಜ್ಞಾಪಿಸಿಕೊಳ್ಳುವುದು ಅಪ್ರಸ್ತುತವಾಗಲಾರದು. ದೂರದರ್ಶನವೆಂಬುದು ಬೆಂಗಳೂರಿಗಿಂತ ಮೊದಲು ಬಂದದ್ದು ನಮ್ಮ ಹಳ್ಳಿಗಳಿಗೆ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಕೃತಕ ಉಪಗ್ರಹವೊಂದರ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ತೋರಿಸುವ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಕಲಬುರಗಿ, ರಾಯಚೂರು, ವಿಜಯಪುರದ ಸೀಮೆ. 1977ರಲ್ಲಿ ಕಲಬುರಗಿಯಲ್ಲಿಯೇ ದೂರದರ್ಶನ ಕೇಂದ್ರ ತೆರೆಯಿತು. ಊರಿಗೊಂದು ಪೆಟ್ಟಿಗೆ, ಅದನ್ನು ಶಾಲೆಯಲ್ಲಿಯೋ ಪಂಚಾಯತಿಯಲ್ಲಿಯೋ ಇರಿಸುತ್ತಿದ್ದರು, ಸಂಜೆಯಾದರೆ ಊರೆಲ್ಲ ಚಾಪೆ ಹಾಸಿಕೊಂಡು ಮುಂದೆ ಕೂಡುತ್ತಿತ್ತು. ತೆರೆಯ ಮೇಲೆ ಗೊಬ್ಬರದ ವಿಚಾರ ನಡೆದಿದ್ದರೆ ಕೆಳಗೆ ಅದಕ್ಕೆ ಸರಿಯೆಂದೋ ಸುಳ್ಳೆಂದೋ ವಾದ ನಡೆಯುತ್ತಿತ್ತೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಪೆಟ್ಟಿಗೆ ಮಾತನಾಡಿದರೂ ಜನ ಮೂಕರಾಗಿರಲಿಲ್ಲ. ಅದೇ ಪೆಟ್ಟಿಗೆ ಮುಂದೆ ಮನೆಗೊಂದಾಯಿತು, ಬಳಿಕ ಅಂಗೈಗೊಂದಾಯಿತು. 2020ರಲ್ಲಿ ಅದು ನಮ್ಮನ್ನು ರಂಜಿಸಿತು, ನಿಜ. ಆದರೆ ನಾವು ಬಾಯಿ ತೆರೆಯುವ ಪ್ರಸಂಗವೇ ಅದರಲ್ಲಿರಲಿಲ್ಲ.

ಬಾಯಿ ತೆರೆಸಿದವರು ನಮ್ಮ ತಾಯಿಯವರು. ಏಪ್ರಿಲ್ ತಿಂಗಳ ಒಂದು ಸಂಜೆ ಫೋನಿನಲ್ಲಿ, ಮನೆಯೊಳಗೆ ಕುಳಿತು ಕುಳಿತು ತಲೆ ಕೆಟ್ಟಂತಾಗಿದೆಯೆಂದು ನಾನು ಗೊಣಗಿದೆ. ಆ ಕಡೆಯಿಂದ ನಗು ಕೇಳಿಸಿತು. “ನಿಮಗಷ್ಟ ಹೊಸದು, ತಮ್ಮಾ. ನಾ ಈ ಮನಿಗಿ ಬಂದಾಗಿಂದ ಒಳಗೇ ಇದೀನಿ” ಎಂದರು. ಆ ಮಾತಿನಲ್ಲಿ ದೂರಿರಲಿಲ್ಲ. ಲೆಕ್ಕ ಹೇಳುವ ಧ್ವನಿಯಿತ್ತು. ನಾನು ಮಾತು ತಪ್ಪಿಸಲು, ಹಾಗಾದರೆ ನೀನು ಹೊತ್ತು ಹೇಗೆ ಕಳೆಯುತ್ತಿದ್ದೆ ಎಂದೆ. “ಹೊತ್ತು ಎಲ್ಲಿತ್ತು ಕಳೀಲಿಕ್ಕ? ಬೀಸೂದಿತ್ತು. ಬೀಸ್ತಾ ಹಾಡತಿದ್ವಿ.”

ವಾಚಕರು ಇದನ್ನು ಗಮನಿಸಬೇಕು. ನಾನು ಕನ್ನಡ ಎಂ.ಎ. ಓದಿದವನು. ಜಾನಪದ ಸಾಹಿತ್ಯವನ್ನು ಅನೇಕ ವರ್ಷಗಳಿಂದ ಕಲಿಸುತ್ತ ಬಂದವನು. ಹಲಸಂಗಿಯ ಗೆಳೆಯರಾದ ಮಧುರಚೆನ್ನ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ ಇವರು ಭೀಮಾತೀರದ ಹೆಂಗಸರ ಬಾಯಿಂದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದ ಕಥೆಯನ್ನು ಪ್ರತಿವರ್ಷವೂ ಕಣ್ಣರಳಿಸಿ ಹೇಳುತ್ತೇನೆ. ತ್ರಿಪದಿಯ ಗಣಗಳನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸುತ್ತೇನೆ. ಆದರೆ ನನ್ನ ತಾಯಿ ಏನನ್ನು ಹಾಡುತ್ತಿದ್ದರೆಂದು ಒಂದು ದಿನವಾದರೂ ಕೇಳಿದವನಲ್ಲ. ಬಾಗಿಲು ಮುಚ್ಚದೆ ಇದ್ದಿದ್ದರೆ ಎಂದಿಗೂ ಕೇಳುತ್ತಿರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು.

ಕೇಳಿದ್ದು ನಾನಲ್ಲ, ನನ್ನ ಮಗಳು. “ಆಯಿ, ಹಾಡ” ಎಂದಳು. ತಾಯಿಯವರು ಪ್ರಯತ್ನಿಸಿದರು, ಒಂದು ಸಾಲು ಬಂದು ನಿಂತಿತು. ಇನ್ನೊಂದು ತೆಗೆದರು, ಅದೂ ನಿಂತಿತು. ಕೈ ಆಡದೆ ಪದ ಬರುವುದಿಲ್ಲವೆಂದರು. ಬೀಸುವ ಕಲ್ಲಾದರೂ ಎಲ್ಲಿದೆ? ಕಮಲಾಪುರಕ್ಕೆ ಹಿಟ್ಟಿನ ಗಿರಣಿ ಬಂದು ಎಷ್ಟೋ ಕಾಲವಾಯಿತು. ಮೇಲಿನ ಕಲ್ಲು ಒಡೆದು ಹಿತ್ತಲ ಬಾಗಿಲಿಗೆ ಆಸರೆಯಾಗಿದೆ. ಮರುದಿನ ತಾವೇ ಫೋನು ಮಾಡಿದರು. ತಮ್ಮನ ಹೆಂಡತಿ ಮೊಬೈಲನ್ನು ಎದುರಿಗೆ ಹಿಡಿದಿದ್ದಳು. ತಾಯಿಯವರು ಫರಸಿಯ ನೆಲದ ಮೇಲೆ ಒಂದು ಕಾಲು ಚಾಚಿ ಕುಳಿತು, ಹಿಟ್ಟು ನಾದುವ ಪರಾತವನ್ನು ಬೋರಲು ಹಾಕಿ, ಅದರ ಅಂಚಿಗೆ ಕೈಯಿಟ್ಟು ತಿರುಗಿಸತೊಡಗಿದರು. ಫರಸಿಯ ಮೇಲೆ ಉಕ್ಕಿನ ಪರಾತ ಸರಿದಾಡಿದ ಆ ಕರ್ಕಶ ಸದ್ದು! ಆದರೆ ಮೂರನೆಯ ಸುತ್ತಿಗೆ ಪದ ಬಂತು, ಬಂದದ್ದು ನಿಲ್ಲಲಿಲ್ಲ. ತವರಿನ ಹಾದಿ, ಅಣ್ಣನ ಕುದುರೆ, ಕಲಬುರಗಿಯ ಶರಣ, ಅತ್ತೆಯ ಕಣ್ಣು, ತೊಟ್ಟಿಲ ಕೂಸು—ಒಂದರಿಂದ ಇನ್ನೊಂದಕ್ಕೆ ಅವರು ಹೋದ ಬಗೆಯಲ್ಲಿ ನಾನು ಪಾಠ ಹೇಳುವ ವರ್ಗೀಕರಣ ಯಾವುದೂ ಇರಲಿಲ್ಲ. ಕೈಯ ಓಟಕ್ಕೆ ಲಯ ಹೊಂದಿತ್ತು. ಗಣವಿಭಾಗವೆಂದರೇನೆಂಬುದು ಇಷ್ಟು ವರ್ಷಗಳ ಮೇಲೆ ನನಗೆ ಅರ್ಥವಾದದ್ದು ಆ ಪರಾತದ ಸುತ್ತಿನಲ್ಲಿ.

ಅಂದಿನಿಂದ ದಿನವೂ ಸಂಜೆ ಐದು ಗಂಟೆಗೆ ಹಾಡು. ಮಗಳು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದಳು; ತಿಳಿಯದ ಮಾತಿನ ಕೆಳಗೆ ಗೆರೆ ಎಳೆದು ನನ್ನನ್ನು ಕೇಳುತ್ತಿದ್ದಳು; ನನಗೂ ತಿಳಿಯದಿದ್ದರೆ (ಹೀಗಾಗುವುದು ಅಪರೂಪವಾಗಿರಲಿಲ್ಲ) ಮತ್ತೆ ಕಮಲಾಪುರಕ್ಕೆ ಫೋನು. ನನ್ನ ಮನೆಯವರೂ ತಮ್ಮ ತವರಿನ ಕಡೆಯ ಸೋಬಾನ ಪದಗಳನ್ನು ನೆನೆಸಿಕೊಂಡು ಸೇರಿಸಿದರು. ಮೇ ಕೊನೆಯ ಹೊತ್ತಿಗೆ ಅರವತ್ತೊಂದು ಹಾಡುಗಳಾದುವು. ಅರವತ್ತೆರಡನೆಯದು ಅರ್ಧಕ್ಕೆ ನಿಂತಿತು. ಗಂಡನ ಮನೆಯ ಬಾಗಿಲನ್ನು ಕುರಿತ ಪದವದು. ಮೂರು ನುಡಿ ಹಾಡಿ, ಪರಾತದ ಮೇಲಿನ ಕೈಯನ್ನು ತಡೆದು, “ಇದು ನಿಮ್ಮಪ್ಪ ಇದ್ದಾಗ ಹಾಡತಿದ್ದಿಲ್ಲ” ಎಂದು ಸುಮ್ಮನಾದರು. ನಾನು ಒತ್ತಾಯಿಸಲಿಲ್ಲ.

ಆ ರಾತ್ರಿ ನನಗೆ ನೆನಪಾದದ್ದು ಇಟಲಿಯ ಬೊಕಾಚಿಯೊ. 1348ರ ಮಹಾಮಾರಿಗೆ ಹೆದರಿ ಫ್ಲಾರೆನ್ಸ್ ನಗರವನ್ನು ಬಿಟ್ಟು ಹೋದ ಹತ್ತು ಮಂದಿ, ಹಳ್ಳಿಯ ಬಂಗಲೆಯೊಂದರಲ್ಲಿ ಕುಳಿತು, ಹತ್ತು ದಿನಗಳಲ್ಲಿ ನೂರು ಕಥೆಗಳನ್ನು ಹೇಳಿಕೊಂಡರೆಂಬುದು ಅವನ ‘ಡೆಕಮೆರಾನ್’ ಗ್ರಂಥದ ಕಟ್ಟು. ಸಾಂಕ್ರಾಮಿಕ ರೋಗದ ಕಾಲದಲ್ಲಿ ಆ ಗ್ರಂಥವನ್ನು ಹೆಸರಿಸದ ಲೇಖನವೇ ಇಲ್ಲ, ನಾನೂ ಹೆಸರಿಸಿದ್ದೆ. ಆದರೆ ಆ ಹತ್ತು ಮಂದಿಯಲ್ಲಿ ಏಳು ಜನ ಹೆಂಗಸರೆಂಬುದು ನಮ್ಮ ಗಮನಕ್ಕೆ ಬರುವುದು ಕಡಿಮೆ. ಗ್ರಂಥದ ಪೀಠಿಕೆಯಲ್ಲಿ ಬೊಕಾಚಿಯೊ ತಾನು ಯಾರಿಗಾಗಿ ಬರೆಯುತ್ತಿದ್ದೇನೆಂಬುದನ್ನು ಸ್ಪಷ್ಟವಾಗಿ ಹೇಳಿದ್ದಾನೆ. ಗಂಡಸಿಗೆ ಮನಸ್ಸು ಭಾರವಾದರೆ ಬೇಟೆಯಿದೆ, ಮೀನು ಹಿಡಿಯುವುದಿದೆ, ಕುದುರೆ ಸವಾರಿಯಿದೆ, ವ್ಯಾಪಾರವಿದೆ. ತಂದೆ ತಾಯಿ ಅಣ್ಣ ಗಂಡ ಇವರ ಇಚ್ಛೆಗೆ ಒಳಪಟ್ಟು ಕೋಣೆಯಲ್ಲಿ ಉಳಿಯುವ ಹೆಂಗಸಿಗೆ ಅವಾವುವೂ ಇಲ್ಲವಾದ್ದರಿಂದ ಅವಳಿಗಾಗಿ ಈ ಕಥೆಗಳು ಎಂಬುದು ಅವನ ಮಾತಿನ ತಾತ್ಪರ್ಯ. ಮಹಾಮಾರಿ ಬರುವುದಕ್ಕೆ ಮೊದಲೂ ಒಳಗಿದ್ದವರು, ಹೋದ ಮೇಲೆಯೂ ಒಳಗೆ ಉಳಿದವರು ಅವನ ನಿಜವಾದ ಓದುಗರು. ನನ್ನ ತಾಯಿ ಫೋನಿನಲ್ಲಿ ಹೇಳಿದ್ದೂ ಅದನ್ನೇ ಅಲ್ಲವೆ?

ಆದ್ದರಿಂದ, ಮನೆಯಲ್ಲಿದ್ದುಕೊಂಡೇ ಸವಿಯುವ ಕಲೆ ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನಾವು ದೂರ ಹೋಗಬೇಕಾಗಿಲ್ಲ. ಜಾತ್ರೆ ಉರುಸುಗಳ ಸಂಸ್ಕೃತಿ ಗಂಡಸಿನದು. ಅವನು ಒಳಗೆ ಬಂದಾಗ ಅದು ಹೊರಗುಳಿಯಿತು. ಒಳಗೆ ಇನ್ನೊಂದು ಸಂಸ್ಕೃತಿ ಮೊದಲಿನಿಂದಲೂ ಇದ್ದಿತು. ಒಬ್ಬಳು ಅಥವಾ ಇಬ್ಬರು, ಒಂದು ಕಲ್ಲು, ನಸುಕಿನ ಕತ್ತಲೆ, ಕೇಳುವವರು ಯಾರೂ ಇಲ್ಲ: ಇಷ್ಟೇ ಸಾಮಗ್ರಿಯಿಂದ ಕಟ್ಟಿದ ಕಲೆ ಅದು. ಒಂದೇ ತಂತಿಯ ಏಕತಾರಿಯನ್ನು ಹಿಡಿದು ಕಡಕೋಳದ ಮಡಿವಾಳಪ್ಪನವರಂಥ ತತ್ವಪದಕಾರರು ಹಾಡಿದ್ದರಲ್ಲಿಯೂ ಈ ಏಕಾಂತದ ಛಾಯೆಯಿದೆ. ಆದರೆ ಅವರಿಗೆ ಊರು ಬಿಟ್ಟು ಊರಿಗೆ ಹೋಗುವ ಸ್ವಾತಂತ್ರ್ಯವಿತ್ತು. ಬೀಸುವವಳಿಗೆ ಅದೂ ಇರಲಿಲ್ಲ. ಅವಳ ಹಾಡನ್ನು ಕೇವಲ ಮನೋರಂಜನೆಯೆನ್ನಲು ಸಂಕೋಚವಾಗುತ್ತದೆ. ಮನೋರಂಜನೆಯಲ್ಲವೆನ್ನಲೂ ಆಗದು, ಹಾಡಿ ಮುಗಿಸಿದಾಗ ತಾಯಿಯವರ ಮುಖದಲ್ಲಿದ್ದ ಗೆಲವನ್ನು ನಾನು ತೆರೆಯ ಮೇಲೆ ಕಂಡಿದ್ದೇನೆ.

ಇಷ್ಟು ಹೇಳಿ ನಿಲ್ಲಿಸಿದರೆ, ಮನೆ ಇದ್ದವರ ಮಾತಷ್ಟೇ ಆದೀತು. ಮನೆಯಲ್ಲಿ ಕುಳಿತು ಆನಂದಿಸಿ ಎಂದು ಉಪದೇಶಿಸುವುದಕ್ಕೆ ಮೊದಲು, ಕೇಳುವವನಿಗೆ ಮನೆಯಿದೆಯೆ ಎಂದು ನೋಡಿಕೊಳ್ಳುವುದು ಒಳ್ಳೆಯದು. ನಮ್ಮ ಮನೋರಂಜನೆಗೆಂದೇ ಬದುಕುವ ನಾಟಕ ಕಂಪನಿಗಳ ನಟ ನಟಿಯರಿಗೆ ಆ ಬೇಸಗೆ ಕೂಳಿಲ್ಲದ ಬೇಸಗೆಯಾಯಿತು. ಜಾತ್ರೆಗಳೇ ಅವರ ಸುಗ್ಗಿ. ಇನ್ನು ಗುಳೆ ಹೋದವರ ಪಾಡು. ಮೇ ತಿಂಗಳಲ್ಲಿ ಮುಂಬಯಿ, ಪುಣೆಗಳಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ ನಮ್ಮ ಜಿಲ್ಲೆಯ ಜನ ಸಾವಿರಗಟ್ಟಲೆ ಮರಳಿ ಬಂದರು. ಕಮಲಾಪುರದ ಸುತ್ತಲಿನ ತಾಂಡಾಗಳ ಲಂಬಾಣಿ ಕುಟುಂಬಗಳು ಅವರಲ್ಲಿ ಎಷ್ಟೋ. ಬಂದವರನ್ನು ನೇರವಾಗಿ ಮನೆಗೆ ಬಿಡದೆ ಶಾಲೆ, ವಸತಿಗೃಹಗಳಲ್ಲಿ ಹದಿನಾಲ್ಕು ದಿನ ಇರಿಸಿದರು. ಕ್ವಾರಂಟೈನ್ ಎಂಬ ಮಾತು ನಮ್ಮ ಹಳ್ಳಿಗಳ ಬಾಯಿಗೆ ಬಂದದ್ದು ಆಗ. ಅದರ ಮೂಲವೂ ಇಟಲಿಯದೇ. ನಲವತ್ತು ದಿನ ಎಂಬುದು ಅದರ ಅರ್ಥ.

ಆ ದಿನಗಳಲ್ಲಿ ನಾನು ಒಂದು ಘನಕಾರ್ಯವನ್ನು ಮಾಡಿದ್ದೆ. ‘ಬಿಡುವಿನಲ್ಲಿ ಓದಬೇಕಾದ ಐವತ್ತು ಕನ್ನಡ ಪುಸ್ತಕಗಳು’ ಎಂಬ ಪಟ್ಟಿಯೊಂದನ್ನು ತಯಾರಿಸಿ ವಿದ್ಯಾರ್ಥಿಗಳ ಮೊಬೈಲಿಗೆ ಕಳುಹಿಸಿದ್ದೆ. ‘ಬಿಡುವು’ ಎಂಬ ಮಾತನ್ನು ಬಳಸಿದ್ದಕ್ಕೆ ಈಗ ನಾಚಿಕೆಯಾಗುತ್ತದೆ. ಒಂದು ಮಧ್ಯಾಹ್ನ ಹಳೆಯ ವಿದ್ಯಾರ್ಥಿಯೊಬ್ಬನ ಫೋನು ಬಂತು. ತಾಂಡಾದ ಹುಡುಗ, ಪದವಿ ಮುಗಿಸಿ ಕೆಲಸ ಸಿಗದೆ ತಂದೆ ತಾಯಿಯೊಡನೆ ಮುಂಬಯಿಗೆ ಹೋಗಿದ್ದವನು. ಈಗ ಕಮಲಾಪುರದ ಕಡೆಯ ಒಂದು ಶಾಲೆಯಲ್ಲಿ ಕ್ವಾರಂಟೈನಿನಲ್ಲಿ ಇದ್ದ. “ಸರ, ನೀವು ಕಳಿಸಿದ ಪಟ್ಟಿ ನೋಡಿದ್ನಿರಿ. ಅದರಾಗಿನ ಎರಡು ಪುಸ್ತಕ ಇಲ್ಲೇ ಅದಾವರಿ. ಕಪಾಟಿನ ಗಾಜಿನಾಗಿಂದ ಕಾಣಸ್ತಾವ. ಕೀಲಿಕೈ ಸಿಗವಲ್ದರಿ.”

ನಾನು ಬಹಳ ಹೊತ್ತು ಆ ಮಾತನ್ನೇ ಯೋಚಿಸಿದೆ. ಒಂದು ಕೋಣೆಯಲ್ಲಿ ಮಾಡಲು ಕೆಲಸವಿಲ್ಲದ ಹತ್ತಾರು ಜನ. ಚಾರ್ಜು ಮಾಡಿಕೊಳ್ಳಲು ಇದ್ದದ್ದು ಒಂದೇ ಪ್ಲಗ್ಗು. ಆದಕಾರಣ ಮೊಬೈಲು ಕೂಡ ಅವರ ಪಾಲಿಗೆ ಸರದಿಯ ವಸ್ತು. ಅದೇ ಕೋಣೆಯ ಗೋಡೆಗೆ ಒರಗಿಸಿ ಕಪಾಟು, ಕಪಾಟಿನಲ್ಲಿ ಪುಸ್ತಕ, ಪುಸ್ತಕಕ್ಕೂ ಓದುಗನಿಗೂ ನಡುವೆ ಒಂದು ಬೀಗ. ಯಾರನ್ನು ದೂರೋಣ? ಪುಸ್ತಕ ಕಳೆದರೆ ಜವಾಬುದಾರಿ ತಮ್ಮ ಮೇಲೆ ಬರುವುದೆಂಬ ಭಯದಿಂದ ನಮ್ಮ ಶಾಲೆಗಳಲ್ಲಿ ಪುಸ್ತಕಗಳನ್ನು ಒಡವೆಗಳಂತೆ ಕಾಯುವ ಪದ್ಧತಿ ಇಂದಿನದಲ್ಲ. ಅವರಿವರಿಗೆ ಫೋನು ಮಾಡಿದ ಮೇಲೆ ಒಂಬತ್ತನೆಯ ದಿನ ಕೀಲಿಕೈ ಬಂತು.

ಹುಡುಗ ನನ್ನ ಪಟ್ಟಿಯ ಎರಡು ಕಾದಂಬರಿಗಳನ್ನು ಮುಟ್ಟಲಿಲ್ಲ. ಅವನು ತೆಗೆದದ್ದು ತೆನಾಲಿ ರಾಮಕೃಷ್ಣನ ಕಥೆಗಳನ್ನು. ರಾತ್ರಿ ಊಟವಾದ ಮೇಲೆ ಗಟ್ಟಿಯಾಗಿ ಓದುತ್ತಿದ್ದನಂತೆ. ಮೊದಲ ದಿನ ಮಕ್ಕಳು ಕೇಳಿದರು. ಎರಡನೆಯ ದಿನ ವರಾಂಡದಲ್ಲಿ ಮಲಗಿದ್ದ ಗಂಡಸರು ಹತ್ತಿರ ಸರಿದರು, ಒಬ್ಬೊಬ್ಬರ ನಡುವೆ ಹೇಳಿದಷ್ಟು ಅಂತರವಿಟ್ಟುಕೊಂಡು. ಮೂರನೆಯ ದಿನ ಅಕ್ಷರವರಿಯದ ಮುದುಕಿಯೊಬ್ಬಳು, ಇದೇನು ಮಹಾ ಕಥೆಯೆಂದು, ತಮ್ಮ ಲಂಬಾಣಿ ಭಾಷೆಯಲ್ಲಿ ಒಂದು ಕಥೆಯನ್ನು ತೆಗೆದಳು. ಅದು ಮುಗಿಯಲು ಎರಡು ರಾತ್ರಿ ಹಿಡಿಯಿತು. ಹದಿನಾಲ್ಕನೆಯ ದಿನ ಬಾಗಿಲು ತೆರೆದಾಗ ಓದಿದ ಪುಸ್ತಕವನ್ನು ಮರಳಿ ಕಪಾಟಿನಲ್ಲಿಟ್ಟು ಬೀಗ ಹಾಕಿ ಬಂದೆನೆಂದು ಹುಡುಗ ಹೇಳಿದ. ಒಂದೂ ಕಳೆದಿರಲಿಲ್ಲವೆಂದು ಒತ್ತಿ ಹೇಳಿದ.

ಇದೇ ಜಿಲ್ಲೆಯ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ. ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಮೂಡಿದ ‘ಕವಿರಾಜಮಾರ್ಗ’ ಈ ನಾಡಿನ ಜನ ಓದು ಬರಹ ಕಲಿಯದೆಯೂ ಕಾವ್ಯದ ಮರ್ಮವನ್ನು ಬಲ್ಲವರೆಂದು ಸಾರಿತು. ಆ ಮಾತನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಧಾರಾಳವಾಗಿ ಬಳಸುತ್ತೇವೆ. ಅದು ಹೊಗಳಿಕೆಯೇ ಹೊರತು ವಸ್ತುಸ್ಥಿತಿಯಲ್ಲವೆಂದು ನಾನು ಒಳಗೊಳಗೇ ಎಣಿಸಿದ್ದೆ. ಶಾಲೆಯ ವರಾಂಡದಲ್ಲಿ ಕಥೆಯನ್ನು ಎರಡು ರಾತ್ರಿ ಬೆಳೆಸಿದ ಆ ಮುದುಕಿಯ ಸುದ್ದಿ ಕೇಳಿದಾಗ, ಮಾರ್ಗಕಾರನು ಕಿವಿಯಾರೆ ಏನನ್ನೋ ಕೇಳಿಯೇ ಹಾಗೆ ಬರೆದಿರಬೇಕೆನಿಸಿತು. ಅವಳ ಭಾಷೆ ಕನ್ನಡವಲ್ಲವೆಂದು ಯಾರಾದರೂ ಆಕ್ಷೇಪಿಸಿದರೆ, ನಾಡು ನಮ್ಮಿಬ್ಬರದೂ ಅಷ್ಟೆ ಎಂದು ಹೇಳುವೆ.

ಬಸ್ಸುಗಳು ಮತ್ತೆ ಸಂಚರಿಸತೊಡಗಿದ ಮೇಲೆ, ಜೂನ್ ತಿಂಗಳ ಒಂದು ಭಾನುವಾರ, ಮಗಳನ್ನು ಕರೆದುಕೊಂಡು ಕಮಲಾಪುರಕ್ಕೆ ಹೋದೆ. ತಾಯಿಯವರು ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದರು. ಮಗಳು ನೋಟುಬುಕ್ಕನ್ನು ಬಿಡಿಸಿ, ಅರ್ಧಕ್ಕೆ ನಿಂತ ಅರವತ್ತೆರಡನೆಯ ಪದವನ್ನು ಪೂರ್ತಿ ಮಾಡೆಂದು ಕೇಳಿದಳು. ತಾಯಿಯವರು ಪುಟವನ್ನು ನೋಡಿದರು, ನನ್ನ ಕಡೆ ನೋಡಿದರು. “ಈಗ್ಯಾಕ, ಯವ್ವಾ? ಬಸ್ ಬಿಟ್ಟಾರಲ್ಲ” ಎಂದು ಶೇಂಗಾದ ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು. ಆ ಬಳಿಕ ಐದು ಗಂಟೆಯ ಹಾಡು ನಿಂತುಹೋಯಿತು. ಮಗಳಿಗೆ ಆನ್‌ಲೈನ್ ಪಾಠ ಬಂತು, ನನಗೆ ಮೌಲ್ಯಮಾಪನ ಬಂತು. ಯಾರೂ ನಿಲ್ಲಿಸಿದ್ದಲ್ಲ, ನಿಂತಿತು.

ಅದೇ ನನ್ನನ್ನು ಚುಚ್ಚುವ ಸಂಗತಿ. ಭಯದ ದಿನಗಳಲ್ಲಿ ನಮಗೆ ಒದಗಿಬಂದ ಸಂಪತ್ತನ್ನು ಬಾಗಿಲು ತೆರೆದೊಡನೆ ಮಾಸ್ಕಿನ ಜೊತೆಯಲ್ಲಿಯೇ ಬಿಸಾಡಿಬಿಟ್ಟೆವು. ಸಂಸ್ಥೆಗಳ ಪಾಡೂ ಇದೇ. ಕಪಾಟುಗಳ ಕೀಲಿಕೈ ಯಾರ ಬಳಿಯಿರಬೇಕೆಂದು ಆ ಮೇಲೆ ಯಾವ ಸಭೆಯಲ್ಲಿಯೂ ಚರ್ಚೆಯಾದುದನ್ನು ನಾನು ಕೇಳಲಿಲ್ಲ. ಪ್ರತಿ ಶಾಲೆಯಲ್ಲಿ ಬೀಗವಿಲ್ಲದ ಒಂದು ಕಪಾಟಿರಲಿ. ವರ್ಷಕ್ಕೆ ಹತ್ತು ಪುಸ್ತಕ ಕಳೆದುಹೋದರೆ ಹೋಗಲಿ. ಕಳೆದ ಪುಸ್ತಕವನ್ನು ಯಾರೋ ಒಬ್ಬನು ಓದಿಯಾನು. ಬೀಗದೊಳಗಿನದನ್ನು ಗೆದ್ದಲು ಓದುತ್ತದೆ. ಕಲಬುರಗಿಯ ಆಕಾಶವಾಣಿ 1966ರಿಂದಲೂ ಈ ಸೀಮೆಯ ಹಾಡುಗಾರರಿಗೆ ಧ್ವನಿ ಕೊಟ್ಟಿದೆ. ಆದರೆ ಹೊಸಿಲು ದಾಟದೆ ಹಾಡುವವರ ಬಳಿಗೆ ಹೋಗಬೇಕಾದವರು ಅವರ ಮನೆಯ ಮಕ್ಕಳೇ. ಅದರಲ್ಲಿಯೂ ಮೊದಲು ಹೋಗಬೇಕಾದವರು ಜಾನಪದವನ್ನು ಕಲಿಸಿ ಸಂಬಳ ತೆಗೆದುಕೊಳ್ಳುವ ನಾವು.

ತಡವಾಗಿಯಾದರೂ ಒಂದು ಸಣ್ಣ ಕೆಲಸವನ್ನು ಆರಂಭಿಸಿದ್ದೇನೆ. ಮೊದಲಿಗೆ ಹೇಳಿದ ಆ ತರಗತಿಯ ಮಕ್ಕಳಿಗೆ ಈ ಅವಧಿಯ ನಿಬಂಧವನ್ನು ಗ್ರಂಥಾಲಯದ ಪುಸ್ತಕಗಳಿಂದ ನಕಲು ಮಾಡಿ ತರುವುದನ್ನು ಬಿಡಿಸಿದೆ. ಮನೆಯಲ್ಲಿ ಯಾರನ್ನಾದರೂ ಕೂಡಿಸಿಕೊಂಡು, ಅವರ ಬಾಯಿಂದ ಬಂದ ಹತ್ತು ಪದಗಳನ್ನೋ ಒಗಟುಗಳನ್ನೋ ಒಂದು ಕಥೆಯನ್ನೋ ಬರೆದು ತರಬೇಕು. ಅವರು ಹಾಡುವಾಗ ಕೈ ಏನು ಮಾಡುತ್ತಿತ್ತೆಂಬುದನ್ನೂ ಬರೆಯಬೇಕು. ನಮ್ಮ ಮನೆಯಲ್ಲಿ ಯಾರಿಗೂ ಏನೂ ಬರುವುದಿಲ್ಲವೆಂದು ಅರ್ಧ ತರಗತಿ ಗೊಣಗಿತು. ಕೇಳಿ ನೋಡಿದ್ದೀರಾ ಎಂದರೆ ಉತ್ತರವಿಲ್ಲ.

ಮೊದಲು ಬಂದದ್ದು ಕಮಲಾಪುರದ ಕಡೆಯ ತಾಂಡಾದ ಹುಡುಗನೊಬ್ಬನ ಬರವಣಿಗೆ. ಹನ್ನೊಂದು ಲಂಬಾಣಿ ಹಾಡುಗಳು, ಕನ್ನಡ ಲಿಪಿಯಲ್ಲಿ. ತಾಯಿ ಹಾಡಿದ್ದು, ಮಗ ಬರೆದದ್ದು. ಕೈ ಏನು ಮಾಡುತ್ತಿತ್ತೆಂಬಲ್ಲಿ, ಲಂಗಕ್ಕೆ ಕನ್ನಡಿ ಹೊಲಿಯುತ್ತಿತ್ತು ಎಂದಿದೆ. ಆ ಹಾಡುಗಳಲ್ಲಿ ಒಂದು ಪದವನ್ನಾದರೂ ತಿದ್ದುವ ಯೋಗ್ಯತೆ ನನಗಿಲ್ಲ. ಅಂಕಗಳನ್ನು ಹೇಗೆ ಕೊಡಬೇಕೆಂದು ಯೋಚಿಸುತ್ತಿದ್ದೇನೆ.